ಹೊಳೆ ನೋಡಿ ಕೋಲು: ಕಾಸರಗೋಡಿನ ನೀರುಗಳಿಗೆ ಫ್ಲೈ ರಾಡ್ ಆರಿಸುವ ಸಮಗ್ರ ಮಾರ್ಗದರ್ಶಿ

ಅಡಿಕೆ ತೋಟದಲ್ಲಿ ದೋಟಿ ಹಿಡಿದು ಗೊನೆ ಇಳಿಸಿದವರಿಗೆ ಕೋಲಿನ ವಿಚಾರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಪ್ಪತ್ತು ಅಡಿಯ ಹಳೆಯ ಮರಕ್ಕೆ ತಕ್ಕ ದೋಟಿ ಗಿಡ್ಡ ತಳಿಯ ಸಾಲಿನಲ್ಲಿ ಕೈಗೆ ಹೊರೆಯಾಗುತ್ತದೆ, ಗಿಡ್ಡ ಮರಕ್ಕೆ ಸರಿಹೋಗುವುದು ಎತ್ತರದ ಮರದ ಅರ್ಧಕ್ಕೂ ಮುಟ್ಟುವುದಿಲ್ಲ. ಫ್ಲೈ ರಾಡಿನ ಕಥೆಯೂ ಇದೇ. ಹಾಗಿದ್ದರೂ ನಮ್ಮಲ್ಲಿ ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರು ಕೇಳುವ ಮೊದಲ ಪ್ರಶ್ನೆ ‘ಯಾವ ಕಂಪೆನಿಯದ್ದು ಒಳ್ಳೆಯದು?’ ಎಂಬುದೇ ಆಗಿರುತ್ತದೆ. ಆ ಪ್ರಶ್ನೆಗೆ ಈ ಬರಹದಲ್ಲಿ ಉತ್ತರವಿಲ್ಲ. ಮಂಜೇಶ್ವರದಿಂದ ಚಂದ್ರಗಿರಿಯವರೆಗಿನ ನಮ್ಮ ತೋಡು, ಮದಕ, ಹೊಳೆ, ಅಳಿವೆಗಳಲ್ಲಿ ಯಾವುದಕ್ಕೆ ಎಂಥ ಕೋಲು ಬೇಕು, ಅದನ್ನು ಯಾವ ಕ್ರಮದಲ್ಲಿ ತೀರ್ಮಾನಿಸಬೇಕು ಎಂಬುದಷ್ಟೇ ಇಲ್ಲಿದೆ.

ಸಾಮಾನ್ಯ ಗಾಳದಲ್ಲಿ ಎಸೆತಕ್ಕೆ ಬಲ ಕೊಡುವುದು ತಂಗೂಸಿನ ತುದಿಯಲ್ಲಿರುವ ಸೀಸದ ಗುಂಡು ಅಥವಾ ಇರೆಯ ಭಾರ. ಫ್ಲೈ ಎಂದರೆ ಗರಿ, ರೋಮ, ನೂಲುಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿ ಹುಳು ಅಥವಾ ಹುಸಿ ಮೀನಿನ ಮರಿ. ಎಸೆಯಲು ಬೇಕಾದ ಭಾರ ಅದರಲ್ಲಿ ಇರುವುದಿಲ್ಲ. ಭಾರವಿರುವುದು ದಪ್ಪನೆಯ, ಮೇಣ ಸವರಿದಂತೆ ಕಾಣುವ ಲೈನಿನಲ್ಲಿ. ರಾಡ್ ಆ ಲೈನನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತದೆ, ಫ್ಲೈ ಅದರ ಬೆನ್ನು ಹಿಡಿದು ಹೋಗುತ್ತದೆ. ಆದ್ದರಿಂದ ರಾಡ್ ಆರಿಸುವುದು ಕೊನೆಯ ಕೆಲಸ. ಮೊದಲು ನೀರು ಮತ್ತು ಗಾಳಿ, ಅನಂತರ ಮೀನು, ಆ ಮೀನಿಗೆ ಬೇಕಾದ ಫ್ಲೈ, ಆ ಫ್ಲೈಯನ್ನು ಹೊತ್ತೊಯ್ಯಬಲ್ಲ ಲೈನು. ಆ ಲೈನನ್ನು ಬೀಸಬಲ್ಲ ಕೋಲು ಯಾವುದೋ ಅದೇ ನಿಮಗೆ ಬೇಕಾದ ರಾಡ್.

ನಾನು ಈ ಕ್ರಮವನ್ನು ತಲೆಕೆಳಗು ಮಾಡಿ ಪಾಠ ಕಲಿತವನು. ‘ಎಲ್ಲ ನೀರಿಗೂ ಆಗುತ್ತದೆ’ ಎಂಬ ವಿವರಣೆಯನ್ನು ನಂಬಿ 9 ಅಡಿಯ, 5 ವೆಯ್ಟಿನ (ಬೀಸಬಲ್ಲ ಲೈನಿನ ತೂಕದ ಅಂಕೆ ಇದು, ವಿವರ ಹೆಜ್ಜೆ 3ರಲ್ಲಿ) ರಾಡೊಂದನ್ನು ತರಿಸಿಕೊಂಡು, ಮೊದಲ ದಿನವೇ ಶಿರಿಯ ಅಳಿವೆಯ ಮರಳದಿಣ್ಣೆಗೆ ಹೋಗಿ ನಿಂತೆ. ಮಧ್ಯಾಹ್ನ ಮೂರು ಗಂಟೆ, ಪಡುಗಾಳಿ ಮುಖಕ್ಕೆ ರಾಚುತ್ತಿತ್ತು. ಬೆರಳುದ್ದದ ಫ್ಲೈ ಮುಂದೆ ಹೋಗುವ ಬದಲು ಹಿಂದಿರುಗಿ ಬಂದು ನನ್ನ ಟೊಪ್ಪಿಗೇ ಕಚ್ಚಿಕೊಂಡಿತು. ದೋಣಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಹಿರಿಯರೊಬ್ಬರು, “ಮಾಷ್ಟ್ರೇ, ನೀವು ಮೀನು ಹಿಡಿಯುವುದೋ, ದೇವರಿಗೆ ಚಾಮರ ಬೀಸುವುದೋ?” ಎಂದು ಕೇಳಿದರು. ರಾಡಿನಲ್ಲಿ ದೋಷವಿರಲಿಲ್ಲ. ಅದು ಆ ನೀರಿನದ್ದಾಗಿರಲಿಲ್ಲ, ಅಷ್ಟೇ.

ಹೆಜ್ಜೆ 1: ನೀರನ್ನೂ ಗಾಳಿಯನ್ನೂ ನೋಡಿ ಬನ್ನಿ

ಹಣ ಬಿಚ್ಚುವ ಮೊದಲು, ನೀವು ಹೆಚ್ಚಾಗಿ ಹೋಗುವ ಜಾಗಕ್ಕೆ ಬರಿಗೈಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಬಾರಿ ಹೋಗಿ ಬನ್ನಿ. ಗಮನಿಸಬೇಕಾದದ್ದು ಮೂರು ಸಂಗತಿಗಳು: ನಿಂತಲ್ಲಿಂದ ಮೀನಿರುವ ಜಾಗಕ್ಕೆ ದೂರವೆಷ್ಟು, ನಿಮ್ಮ ಬೆನ್ನ ಹಿಂದೆ ಎಷ್ಟು ತೆರವಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ. ಎರಡನೆಯದನ್ನು ಹೊಸಬರು ಮರೆಯುತ್ತಾರೆ. ಲೈನು ಮುಂದಕ್ಕೆ ಎಷ್ಟು ಉದ್ದ ಹೋಗಬೇಕೋ ಹಿಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಉದ್ದ ಬಿಚ್ಚಿಕೊಳ್ಳಬೇಕು. ಹಿಂದೆ ಗೇರುಮರವೋ ಕರೆಂಟಿನ ತಂತಿಯೋ ಇದ್ದರೆ ಆ ಜಾಗಕ್ಕೆ ಬೇರೆ ಬಗೆಯ ಬೀಸು ಬೇಕು, ಬೇರೆ ರಾಡೂ ಬೇಕಾದೀತು.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಡುಗಳು ಒಂದು ಬಗೆ: ಎರಡು ಮೂರು ಮೀಟರ್ ಅಗಲ, ಮೇಲೆ ಓಟೆ ಬಿದಿರಿನ ಚಪ್ಪರ, ಗಾಳಿಯ ಕಾಟವಿಲ್ಲ. ಮಳೆಗಾಲ ಮುಗಿದ ಮೇಲೆ ಏತಡ್ಕದ ಸುತ್ತ ಮಣ್ಣು ಕಲ್ಲುಗಳಿಂದ ಹಾಕುವಂಥ ಕಟ್ಟಗಳ ಹಿಂದೆ ನೀರು ನಿಂತಾಗ ಅದೇ ತೋಡು ಸಣ್ಣ ಕೆರೆಯ ಗುಣ ಪಡೆಯುತ್ತದೆ. ಮದಕಗಳು ಮತ್ತು ಪಳ್ಳಗಳು ಎರಡನೆಯ ಬಗೆ; ನೀರು ಅಲುಗುವುದಿಲ್ಲ, ಆದರೆ ತಾವರೆಯೆಲೆ, ಪಾಚಿ, ಮುಳುಗಿದ ಕೊಂಬೆಗಳು ತುಂಬಿರುತ್ತವೆ. ಪಯಸ್ವಿನಿಯ ಮೇಲ್ಭಾಗ ಮೂರನೆಯದು: ಬಂಡೆ, ಹರಿವು, ನಡುನಡುವೆ ಆಳವಾದ ಗುಂಡಿ. ಅದೇ ಹೊಳೆ ಚಂದ್ರಗಿರಿ ಎನ್ನಿಸಿಕೊಂಡು ಕೋಟೆಯ ಕೆಳಗೆ ಹರಿದು ಸಮುದ್ರ ಸೇರುವ ಭಾಗ, ಮತ್ತು ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳ ಅಳಿವೆಗಳು ನಾಲ್ಕನೆಯ ಬಗೆ. ಅಲ್ಲಿ ಉಪ್ಪುನೀರು, ಉಬ್ಬರ ಇಳಿತ, ಕಾಂಡ್ಲಾ (ಮ್ಯಾಂಗ್ರೋವ್) ಬೇರು, ಬಯಲು ಗಾಳಿ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ.

ಗಾಳಿಯ ಬಗ್ಗೆ ಇನ್ನೊಂದು ಮಾತು. ಬೇಸಗೆಯಲ್ಲಿ ನಮ್ಮ ಕರಾವಳಿಯಲ್ಲಿ ಮುಂಜಾನೆ ನೆಲದ ಕಡೆಯಿಂದ ಮೆಲ್ಲನೆ ಗಾಳಿ ಬೀಸುತ್ತದೆ, ಹೊತ್ತೇರಿದಂತೆ ಅದು ನಿಂತು ಕಡಲಗಾಳಿ ಬಲವಾಗುತ್ತದೆ. ಕಡಲಿಗೆ ಮುಖ ಮಾಡಿ ನಿಂತವನಿಗೆ ಬೆಳಗ್ಗಿನ ಗಾಳಿ ಬೆನ್ನಿಗೆ, ಮಧ್ಯಾಹ್ನದ ಗಾಳಿ ಎದೆಗೆ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಹೋಗುವವರಿಗೆ ಒಂದು ಅಂಕೆ ಹಗುರವಾದ ರಾಡ್ ಸಾಕಾಗುತ್ತದೆ.

ಕಾನೂನಿನ ವಿಷಯವೂ ನೀರು ನೋಡುವ ಹಂತಕ್ಕೇ ಸೇರಿದ್ದು. ಮೊದಲ ಮಳೆಗೆ ಮೊಟ್ಟೆಯಿಡಲು ಹೊಳೆ ಬಿಟ್ಟು ತೋಡು ಗದ್ದೆಗಳಿಗೆ ಏರಿ ಬರುವ ಮೀನನ್ನು, ಅಂದರೆ ಮಲಯಾಳದಲ್ಲಿ ‘ಊತ್ತ’ ಎನ್ನುವುದನ್ನು, ಹಿಡಿಯುವುದು ಕೇರಳದಲ್ಲಿ ನಿಷಿದ್ಧ. ರಕ್ಷಿತಾರಣ್ಯದೊಳಗೂ ದೇವಸ್ಥಾನಗಳ ಮೀನಿನ ಗುಂಡಿಗಳಲ್ಲೂ ಗಾಳ ಹಾಕುವ ಯೋಚನೆಯನ್ನೇ ಮಾಡಬೇಡಿ.

ಹೆಜ್ಜೆ 2: ಮೀನು ಯಾವುದು, ಅದರ ಬಾಯಿಗೆ ಎಂಥ ಫ್ಲೈ

ತೋಡಿನ ಸಣ್ಣ ಮೀನುಗಳು ಹುಳುಹುಪ್ಪಡಿ ತಿನ್ನುವಂಥವು; ಅವಕ್ಕೆ 14 ಅಥವಾ 16ನೆಯ ಅಂಕೆಯ ಕೊಕ್ಕೆಗೆ ಕಟ್ಟಿದ, ಅಕ್ಕಿಕಾಳಿನಷ್ಟು ದೊಡ್ಡ ಫ್ಲೈ ಸಾಕು. ಕೊಕ್ಕೆಯ ಅಂಕೆ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು ಎಂಬುದನ್ನು ನೆನಪಿಡಿ. ಮದಕದ ಕೊರವ ಮೀನು ನೀರಿನ ಮೇಲ್ಮೈಯಲ್ಲಿ ಕಪ್ಪೆಯಂತೆ ಸದ್ದು ಮಾಡುವ ಪಾಪರ್ ಫ್ಲೈಗೆ ಹಾರಿ ಬೀಳುತ್ತದೆ. ಅದರ ಬಾಯಿ ಗಟ್ಟಿ, ಹಿಡಿದೊಡನೆ ಪಾಚಿಯೊಳಗೆ ನುಗ್ಗುವ ಬುದ್ಧಿ ಬೇರೆ. ಅಳಿವೆಯಲ್ಲಿ ಬಾರಾಮುಂಡಿ, ಅಂದರೆ ಮಲಯಾಳದ ಕಾಳಾಂಜಿ, ಮತ್ತು ಕಾಂಡ್ಲಾ ಬೇರಿನ ನಡುವೆ ಅಡಗಿರುವ ಚೆಂಬಲ್ಲಿ ಇವೆರಡೂ ಮೀನಿನ ಮರಿಯನ್ನು ಹೋಲುವ 1/0 ಅಥವಾ 2/0 ಎಂದು ಗುರುತಿಸುವ ದೊಡ್ಡ ಕೊಕ್ಕೆಯ ಫ್ಲೈಗಳನ್ನು ಕೇಳುತ್ತವೆ. ಇಂಥವುಗಳಲ್ಲಿ ಕ್ಲೌಸರ್ ಎಂಬ ಮಾದರಿ ಹೆಸರಾದದ್ದು; ಅದರ ತಲೆಯ ಹತ್ತಿರ ಲೋಹದ ಎರಡು ಗುಂಡುಕಣ್ಣುಗಳಿರುತ್ತವೆ, ಆದ್ದರಿಂದ ಅದು ಬೇಗ ಮುಳುಗುತ್ತದೆ. ದಡದ ಹತ್ತಿರ ಮರಳಿನಲ್ಲಿ ಮೇಯುವ ಕಾಣೆ ಮೀನಿಗೆ ಅದೇ ಕ್ಲೌಸರಿನ ಪುಟ್ಟ ರೂಪ ಆಗುತ್ತದೆ.

ಇಲ್ಲಿ ಮೀನಿನ ತೂಕಕ್ಕಿಂತ ಫ್ಲೈಯ ಗಾತ್ರವೇ ಹೆಚ್ಚು ಮುಖ್ಯ. ಅರ್ಧ ಕಿಲೋ ತೂಗುವ ಚೆಂಬಲ್ಲಿಯನ್ನು ಹಗುರ ರಾಡಿನಿಂದಲೂ ಎಳೆಯಬಹುದು, ಆದರೆ ಅದು ತಿನ್ನುವ ಫ್ಲೈಯನ್ನು ಹಗುರ ಲೈನು ಹೊರುವುದಿಲ್ಲ.

ಹೆಜ್ಜೆ 3: ಲೈನಿನ ಅಂಕೆಯನ್ನು ಗೊತ್ತುಮಾಡಿ

ಪ್ರತಿಯೊಂದು ಫ್ಲೈ ರಾಡಿನ ಹಿಡಿಯ ಮೇಲ್ಗಡೆ ಒಂದು ಅಂಕೆ ಬರೆದಿರುತ್ತದೆ. ಅದು ರಾಡಿನ ತೂಕವಲ್ಲ, ಅದು ಬೀಸಬಲ್ಲ ಲೈನಿನ ತೂಕದ ಗುರುತು. ಲೈನಿನ ಮುಂಭಾಗದ 30 ಅಡಿ, ಅಂದರೆ 9.14 ಮೀಟರ್, ಎಷ್ಟು ತೂಗುತ್ತದೆ ಎಂಬುದರ ಮೇಲೆ ಈ ಅಂಕೆ ನಿಂತಿದೆ. ಮೂಲದಲ್ಲಿ ಇದನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. 3 ವೆಯ್ಟ್ ಲೈನಿನ ಆ ಭಾಗ 100 ಗ್ರೇನ್ ಅಥವಾ ಆರೂವರೆ ಗ್ರಾಂ, 5 ವೆಯ್ಟಿನದು 140 ಗ್ರೇನ್ ಅಥವಾ 9 ಗ್ರಾಂ, 8 ವೆಯ್ಟಿನದು 210 ಗ್ರೇನ್ ಅಥವಾ ಹದಿಮೂರೂವರೆ ಗ್ರಾಂ, 10 ವೆಯ್ಟಿನದು 280 ಗ್ರೇನ್ ಅಥವಾ 18 ಗ್ರಾಂ. ಐದರಿಂದ ಎಂಟಕ್ಕೆ ಹೋದರೆ ಭಾರ ಒಂದೂವರೆ ಪಟ್ಟಾಗುತ್ತದೆ. ಶಿರಿಯದಲ್ಲಿ ನನ್ನ ಫ್ಲೈಗೆ ಕಡಿಮೆ ಬಿದ್ದದ್ದು ಈ ನಾಲ್ಕೂವರೆ ಗ್ರಾಂ.

ನಮ್ಮ ನೀರುಗಳಿಗೆ ನನ್ನ ಲೆಕ್ಕ ಹೀಗಿದೆ. ತೋಡಿಗೆ 2 ಅಥವಾ 3 ವೆಯ್ಟ್. ಹೊಳೆಯ ಮೇಲ್ಭಾಗಕ್ಕೆ, ಹಾಗೂ ಮುಂದೆಂದಾದರೂ ಪರವಾನಗಿ ಪಡೆದು ನೀಲಗಿರಿಯ ಅಥವಾ ಮುನ್ನಾರಿನ ಟ್ರೌಟ್ ತೊರೆಗಳಿಗೆ ಹೋಗುವ ಆಸೆಯುಳ್ಳವರಿಗೆ, 4 ಅಥವಾ 5. ಕಾಣೆಗೆ 6. ಕೊರವದ ಮದಕಕ್ಕೆ 7 ಅಥವಾ 8. ಮೀನು ದೊಡ್ಡದೆಂದಲ್ಲ, ಪಾಚಿಯಿಂದ ಹೊರಗೆಳೆಯಲು ರಾಡಿನ ಬುಡದಲ್ಲಿ ಕಸುವು ಬೇಕೆಂದು. ಅಳಿವೆಗೆ 8, ಕಾಂಡ್ಲಾ ಬೇರುಗಳಿಗೆ ಒತ್ತಿ ನಿಂತು ಹಿಡಿಯುವವರಿಗೆ 9. ಬಂಡೆಗಳಿಂದ ಕಡಲಿಗೆ ಬೀಸುವವರು 10ಕ್ಕೆ ಹೋಗಬಹುದು. ಲಕ್ಷದ್ವೀಪದ ದೊಡ್ಡ ಟ್ರೆವಲಿ ಮೀನುಗಳಿಗೆ ಬೇಕಾದ 12 ವೆಯ್ಟ್ ಇಲ್ಲಿ ತೋಳು ನೋಯಿಸುವುದಕ್ಕಷ್ಟೇ ಉಪಯೋಗ.

ಈಗಿನ ಹಲವು ಲೈನುಗಳು ಪೆಟ್ಟಿಗೆಯ ಮೇಲಿನ ಅಂಕೆಗಿಂತ ಅರ್ಧ ಅಥವಾ ಒಂದು ಅಂಕೆಯಷ್ಟು ಭಾರವಾಗಿರುತ್ತವೆ, ಗಡುಸಾದ ರಾಡುಗಳನ್ನು ಸುಲಭವಾಗಿ ಬಾಗಿಸಲೆಂದು ಹಾಗೆ ಮಾಡುತ್ತಾರೆ. ಆದ್ದರಿಂದ ಅಂಕೆಯ ಜೊತೆಗೆ ಗ್ರೇನಿನ ತೂಕವನ್ನೂ ಓದಿ. ಇನ್ನೊಂದು ಎಚ್ಚರಿಕೆ ನಮ್ಮ ಸೆಖೆಯ ಊರಿಗೇ ವಿಶೇಷವಾದದ್ದು: ತಣ್ಣೀರಿಗೆಂದು ಮಾಡಿದ ಲೈನು ಏಪ್ರಿಲ್ ಬಿಸಿಲಿನಲ್ಲಿ ಮೆತ್ತಗಾಗಿ, ಅಂಟಂಟಾಗಿ, ರಾಡಿನುದ್ದಕ್ಕೂ ಲೈನು ಹಾಯುವ ಬಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ‘ಟ್ರಾಪಿಕಲ್’ ಎಂದು ಬರೆದಿರುವ, ಗಡುಸು ತಿರುಳಿನ ಲೈನನ್ನೇ ಕೇಳಿ. ತೇಲುವ, ಮುಂಭಾರದ ಲೈನು ಮೊದಲಿಗೆ ಸಾಕು. ಎಂಟು ವೆಯ್ಟಿನ ಅಂಥ ಲೈನಿನ ಮೇಲೆ ‘ಡಬ್ಲ್ಯು ಎಫ್ 8 ಎಫ್’ ಎಂದಿರುತ್ತದೆ.

ಹೆಜ್ಜೆ 4: ಉದ್ದ

ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಫ್ಲೈ ರಾಡುಗಳ ಉದ್ದ 9 ಅಡಿ. ಕಾಕತಾಳೀಯವೆಂದರೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಅಡಿಕೆಗೆ ಶಿಫಾರಸು ಮಾಡುವ ಅಂತರವೂ 2.7 ಮೀಟರ್, ಅಂದರೆ ಅದೇ ಒಂಬತ್ತು ಅಡಿ. ಎರಡು ಕಂಗುಗಳ ನಡುವೆ ನಿಂತು ಒಂಬತ್ತಡಿಯ ಕೋಲನ್ನು ಅಡ್ಡಕ್ಕೆ ಬೀಸಿದರೆ ಏನಾಗುತ್ತದೆಂದು ಕಲ್ಪಿಸಿಕೊಳ್ಳಿ. ಸಾಲಿನ ಉದ್ದಕ್ಕೆ ಬೀಸಿದರೆ ಮಾತ್ರ ಬಚಾವು. ತೋಟದ ನಡುವೆ ಹರಿಯುವ ತೋಡಿಗೆ ಆರೂವರೆಯಿಂದ ಏಳೂವರೆ ಅಡಿಯ ರಾಡೇ ಸರಿ.

ತೆರೆದ ಜಾಗದಲ್ಲಿ 9 ಅಡಿಯದ್ದು ಬೇಕಾಗುವುದಕ್ಕೆ ಕಾರಣಗಳಿವೆ. ಉದ್ದ ರಾಡ್ ಹಿಂದಕ್ಕೆ ಬೀಸಿದ ಲೈನನ್ನು ದಡದ ಹುಲ್ಲಿಗೂ ಕುರುಚಲಿಗೂ ತಾಗದಂತೆ ಎತ್ತರದಲ್ಲಿ ಇಡುತ್ತದೆ. ಹರಿಯುವ ನೀರಿನಲ್ಲಿ ಲೈನನ್ನು ಎತ್ತಿ ಮೇಲ್ಹರಿವಿನ ಕಡೆಗೆ ಹಾಕಿಕೊಳ್ಳಲು ನೆರವಾಗುತ್ತದೆ. ಹಿಂದೆ ಜಾಗವಿಲ್ಲದಾಗ ಲೈನನ್ನು ನೀರಿನ ಮೇಲೆಯೇ ಉರುಳಿಸಿ ಎಸೆಯುವ ರೋಲ್ ಬೀಸು ಉದ್ದ ರಾಡಿನಲ್ಲಿ ಸಲೀಸು. ಪಯಸ್ವಿನಿಯ ಗುಂಡಿಗಳಲ್ಲಿ ಹಿಂದೆ ಕಾಡು, ಮುಂದೆ ಬಯಲು ಇರುವಲ್ಲಿ ನಾನು ಇದೊಂದೇ ಬೀಸನ್ನು ಬಳಸುತ್ತೇನೆ. ಎರಡು ಕೈಯಲ್ಲಿ ಹಿಡಿಯುವ, 12 ರಿಂದ 14 ಅಡಿಯ ಸ್ಪೇ ರಾಡುಗಳು ಸ್ಕಾಟ್ಲೆಂಡಿನ ದೊಡ್ಡ ನದಿಗಳಿಗಾಗಿ ಹುಟ್ಟಿದವು, ಅವುಗಳ ಗೊಡವೆ ನಮಗೆ ಬೇಡ.

ರೀಲೇ ಇಲ್ಲದ, ತುದಿಗೆ ನೇರವಾಗಿ ಲೈನು ಕಟ್ಟುವ ಜಪಾನಿನ ತೆಂಕಾರಾ ಕೋಲನ್ನು ನೋಡಿದರೆ ನಮ್ಮ ಅಜ್ಜಂದಿರ ಓಟೆಯ ಗಾಳದ ಕೋಲು ನೆನಪಾಗದೆ ಇರದು. ಬರೇ ತೋಡಿನ ಮೀನಿನ ಹುಚ್ಚು ಇರುವವರು, ಮೇಲೆ ಚಪ್ಪರವಿಲ್ಲದ ಕಡೆ, ಅದನ್ನೊಮ್ಮೆ ಪ್ರಯತ್ನಿಸಬಹುದು.

ಹೆಜ್ಜೆ 5: ಬಾಗು ಮತ್ತು ವಸ್ತು

ಬಿದಿರಿನ ದೋಟಿ, ಫೈಬರ್ ದೋಟಿ, ಕಾರ್ಬನ್ ದೋಟಿ ಈ ಮೂರನ್ನೂ ಹಿಡಿದು ನೋಡಿದವರಿಗೆ ಫ್ಲೈ ರಾಡುಗಳ ಮೂರು ಕುಲಗಳನ್ನು ನಾನು ಪರಿಚಯಿಸಿದಂತೆಯೇ ಸರಿ. ಸೀಳಿದ ಬಿದಿರಿನ ಆರು ಪಟ್ಟಿಗಳನ್ನು ಅಂಟಿಸಿ ಮಾಡುವ ರಾಡು ಚೆಂದ, ದುಬಾರಿ, ಭಾರ. ನಮ್ಮ ಮಳೆಗಾಲದ ತೇವಕ್ಕೆ ಅದನ್ನು ಒಡ್ಡುವುದು ಪಾಪ. ಫೈಬರ್ ಗ್ಲಾಸಿನದು ಬುಡದವರೆಗೂ ನಿಧಾನವಾಗಿ ಬಾಗುತ್ತದೆ, ಏಟು ತಾಳುತ್ತದೆ, ಕಡಿಮೆ ದೂರದ ಎಸೆತಕ್ಕೆ ಅದರಷ್ಟು ಹಿತವಾದದ್ದು ಬೇರೊಂದಿಲ್ಲ. ತೋಡಿನ 3 ವೆಯ್ಟಿಗೆ ನಾನು ಗ್ಲಾಸನ್ನೇ ಹೇಳುತ್ತೇನೆ. ಉಳಿದೆಲ್ಲಕ್ಕೂ ಕಾರ್ಬನ್. 9 ಅಡಿಯ 8 ವೆಯ್ಟ್ ಕಾರ್ಬನ್ ರಾಡು ಹೆಚ್ಚುಕಡಿಮೆ 100 ರಿಂದ 120 ಗ್ರಾಂ ತೂಗುತ್ತದೆ.

ಬಾಗಿನಲ್ಲಿ ಮೂರು ಬಗೆ: ತುದಿಯಷ್ಟೇ ಬಾಗುವ ಫಾಸ್ಟ್, ನಡುವಿನವರೆಗೆ ಬಾಗುವ ಮೀಡಿಯಂ, ಇಡೀ ಬಾಗುವ ಸ್ಲೋ. ಗಾಳಿಯನ್ನು ಸೀಳಲು ಫಾಸ್ಟ್ ರಾಡು ಸಹಕಾರಿ, ಆದರೆ ಅದು ಬೀಸಿನ ಹೊತ್ತಿನಲ್ಲಿ ತಪ್ಪಿದರೆ ಕ್ಷಮಿಸುವುದಿಲ್ಲ. ಮಾರಾಟಗಾರರು ಅತಿ ಗಡುಸಾದುದನ್ನೇ ಹೊಗಳುತ್ತಾರೆ. ಕಲಿಯುವವನಿಗೆ ಮೀಡಿಯಂ ಫಾಸ್ಟ್ ಎನ್ನುವ ನಡುವಿನ ಬಗೆ ವಾಸಿ, ಅಳಿವೆಗೂ ಕೂಡ.

ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುತ್ತದೆ. ದೋಟಿ ತಂತಿಗೆ ತಾಗಿ ಆದ ಅವಘಡಗಳನ್ನು ಕೇಳಿ ಬಲ್ಲ ನಮ್ಮ ಊರಿನವರಿಗೆ ಇದನ್ನು ಒತ್ತಿ ಹೇಳಬೇಕಿಲ್ಲವಾದರೂ, ಏಪ್ರಿಲ್ ಮೇ ತಿಂಗಳಲ್ಲೂ ತುಲಾ ಮಾಸದಲ್ಲೂ ಮೂಡಣದಲ್ಲಿ ಗುಡುಗು ಕೇಳಿದೊಡನೆ ರಾಡನ್ನು ಕೆಳಗಿಟ್ಟು ನೀರಿನಿಂದ ದೂರ ಬನ್ನಿ.

ಹೆಜ್ಜೆ 6: ಹಿಡಿ, ಬಳೆ, ರೀಲಿನ ಕೂರು

ಸಿಹಿನೀರಿಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಉಪ್ಪುನೀರಿಗಾದರೆ ರೀಲು ಕೂರುವ ಭಾಗ ಅನೊಡೈಸ್ ಮಾಡಿದ ಅಲ್ಯೂಮಿನಿಯಮಿನದ್ದಾಗಿರಲಿ, ಮರದ ಒಳಪದರದ್ದು ಬೇಡ. ಹಿಡಿಯ ಕೆಳಗೆ ಎರಡಿಂಚು ಚಾಚಿಕೊಂಡ ಕುಡಿ ಇದ್ದರೆ ಮೀನು ಎಳೆಯುವಾಗ ಅದನ್ನು ಹೊಟ್ಟೆಗೆ ಒತ್ತಿ ಹಿಡಿಯಬಹುದು. 7 ವೆಯ್ಟಿನಿಂದ ಮೇಲಿನ ರಾಡುಗಳಲ್ಲಿ ಇದು ಸಾಮಾನ್ಯ. ರೀಲಿನಲ್ಲಿ 8 ವೆಯ್ಟಿನ ಲೈನಿನ ಜೊತೆ ಸುಮಾರು 150 ಮೀಟರ್ ಬ್ಯಾಕಿಂಗ್, ಅಂದರೆ ಲೈನಿನ ಹಿಂದೆ ಸುತ್ತುವ ಹೆಚ್ಚುವರಿ ದಾರ, ಹಿಡಿಯುವಂತಿರಲಿ. ಬಾರಾಮುಂಡಿಯ ಕಿವಿರಿನ ಮುಚ್ಚಳ ಬ್ಲೇಡಿನಂತೆ ಹರಿತವಾದ್ದರಿಂದ ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ತಂಗೂಸಾದ ಲೀಡರಿನ ತುದಿಗೆ ಒಂದಡಿಯಷ್ಟು ದಪ್ಪ ತಂಗೂಸು ಕಟ್ಟುವುದನ್ನು ಮರೆಯಬೇಡಿ. ನಾಲ್ಕು ತುಂಡಿನ ರಾಡನ್ನೇ ಕೊಳ್ಳಿ. ಬಸ್ಸಿನಲ್ಲಿ ಕಾಲ ಬಳಿ ನಿಲ್ಲಿಸಿಕೊಂಡು ಹೋಗಬಹುದು.

ಹೆಜ್ಜೆ 7: ಪೆಟ್ಟಿಗೆ ತೆರೆದ ದಿನ

ಹೆಚ್ಚಿನವರು ಅಂಚೆಯಲ್ಲೋ ಕೊರಿಯರಿನಲ್ಲೋ ತರಿಸಿಕೊಳ್ಳುವುದರಿಂದ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆಗಳನ್ನು ಮಾಡಿಬಿಡಬೇಕು. ಮೊದಲು ಸೀಲಿಂಗ್ ಫ್ಯಾನ್ ನಿಲ್ಲಿಸಿ. ಮೀನಿಗಿಂತ ಹೆಚ್ಚು ರಾಡುಗಳನ್ನು ಮುರಿದಿರುವುದು ಫ್ಯಾನು ಮತ್ತು ಕಾರಿನ ಬಾಗಿಲು. ತುಂಡುಗಳನ್ನು ಬಳೆಗಳು ಕಾಲು ಸುತ್ತು ಓರೆಯಾಗಿರುವಂತೆ ಸೇರಿಸಿ, ಮೆಲ್ಲನೆ ತಿರುಗಿಸುತ್ತ ಒತ್ತಿ ನೇರ ಮಾಡಿ. ಈಗ ಬುಡಕ್ಕೆ ಕಣ್ಣಿಟ್ಟು, ಬಡಗಿ ರೀಪು ನೋಡುವಂತೆ, ತುದಿಯವರೆಗೂ ನೋಡಿ: ಬಳೆಗಳೆಲ್ಲ ಒಂದೇ ಗೆರೆಯಲ್ಲಿರಬೇಕು. ಕೋಲನ್ನು ಮೆಲ್ಲಗೆ ಅಲುಗಿಸಿದಾಗ ಸಂದುಗಳಲ್ಲಿ ‘ಟಕ್’ ಎಂಬ ಸದ್ದು ಬರಕೂಡದು. ಅನಂತರ ಒಂದು ಚಿಟಿಕೆ ಹತ್ತಿಯನ್ನು ಪ್ರತಿ ಬಳೆಯ ಒಳಗಿನಿಂದ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದು ತಿಳಿಯಿರಿ, ಅದೇ ಬಿರುಕು ನಾಳೆ ನಿಮ್ಮ ಲೈನನ್ನು ಕೊರೆಯುತ್ತದೆ.

ಬೀಸಿ ನೋಡಲು ಅಡಿಕೆ ಒಣಗಿಸುವ ಅಂಗಳಕ್ಕಿಂತ ಒಳ್ಳೆಯ ಜಾಗವಿಲ್ಲ, ಅಡಿಕೆ ಹರಡಿಲ್ಲದ ದಿನಗಳಲ್ಲಿ. ಸಿಮೆಂಟಿನ ನೆಲ ಲೈನನ್ನು ತರಿಯುತ್ತದಾದ್ದರಿಂದ ಟಾರ್ಪಾಲು ಹಾಸಿಕೊಳ್ಳಿ. ಲೀಡರಿನ ತುದಿಗೆ ಕೊಕ್ಕೆಯ ಬದಲು ಕೆಂಪು ಉಣ್ಣೆಯ ಗಂಟೊಂದನ್ನು ಕಟ್ಟಿ, ರಾಡಿನ ತುದಿಯಿಂದ ಆಚೆಗೆ 30 ಅಡಿ ಲೈನು ಬಿಡಿ. ತೋಟದ ಲೆಕ್ಕದಲ್ಲಿ ಮೂರು ಮರಗಳ ಅಂತರಕ್ಕಿಂತ ತುಸು ಹೆಚ್ಚು. ಈ ಉದ್ದದಲ್ಲಿ ಬೀಸಿದಾಗ ಕೋಲು ಬಾಗುವುದು ಅಂಗೈಗೆ ಗೊತ್ತಾಗಬೇಕು. ಏನೂ ತಿಳಿಯದೆ ಬೆತ್ತ ಬೀಸಿದಂತಿದ್ದರೆ ರಾಡು ನಿಮ್ಮ ಲೈನಿಗೆ ಗಡುಸಾಯಿತು. ಲೈನು ನೆಲಕ್ಕೆ ಜೋತುಬಿದ್ದು ಕೋಲು ತೊನೆದಾಡುತ್ತಿದ್ದರೆ ಲೈನೇ ಭಾರವಾಯಿತು. ಹತ್ತು ನಿಮಿಷ ಬೀಸಿದ ಮೇಲೆ ಮಣಿಕಟ್ಟು ನೋಯುವುದೇ ಎಂಬುದನ್ನೂ ಗಮನಿಸಿ.

ಒಂದೇ ಕೊಳ್ಳುವುದಾದರೆ

ಕಡಲಿನಿಂದ ಹತ್ತು ಕಿಲೋಮೀಟರಿನೊಳಗೆ ಮನೆಯಿರುವವರಿಗೆ 9 ಅಡಿಯ 8 ವೆಯ್ಟ್. ಮದಕಕ್ಕೂ ಅದೇ ಆಗುತ್ತದೆ. ಒಳನಾಡಿನವರಿಗೆ ಎಂಟೂವರೆ ಅಡಿಯ 5 ವೆಯ್ಟ್. ಎರಡನೆಯದನ್ನು ಕೊಳ್ಳುವಾಗ ಮೊದಲಿನದಕ್ಕಿಂತ ಮೂರು ಅಂಕೆಯಾದರೂ ದೂರ ಹೋಗಿ. 5 ಇರುವವನಿಗೆ 6 ಕೊಂಡರೆ ಹೊಸದೇನೂ ದಕ್ಕುವುದಿಲ್ಲ. ಹಣ ಹಿಡಿತದಲ್ಲಿದ್ದರೆ ರಾಡಿನಲ್ಲಿ ಉಳಿಸಿ, ಲೈನಿನಲ್ಲಿ ಉಳಿಸಬೇಡಿ. ಸಾಧಾರಣ ರಾಡು ಒಳ್ಳೆಯ ಲೈನಿನೊಡನೆ ಚೆನ್ನಾಗಿಯೇ ದುಡಿಯುತ್ತದೆ, ಕೆಟ್ಟ ಲೈನಿನೊಡನೆ ಎಷ್ಟೇ ಬೆಲೆಬಾಳುವ ರಾಡೂ ಏನೂ ಮಾಡಲಾರದು. ನನ್ನ ಆ 5 ವೆಯ್ಟ್ ಈಗ ಪಯಸ್ವಿನಿಯ ಮೇಲ್ಭಾಗದಲ್ಲಿ ಸುಖವಾಗಿದೆ.

ಅಳಿವೆಯಿಂದ ಬಂದ ದಿನ ರಾಡು, ರೀಲು, ಲೈನುಗಳನ್ನು ಬಾವಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಲೋಹದ ಕಣ್ಣಿನ ಫ್ಲೈ ಬೀಸುವಾಗ ಕೋಲಿಗೆ ಬಡಿದಿದ್ದರೆ ಆ ಜಾಗವನ್ನು ಉಗುರಿನಿಂದ ಸವರಿ ನೋಡಿ. ಕಾರ್ಬನ್ನಿನಲ್ಲಿ ಎದ್ದ ಸಣ್ಣ ತರಚು ಮುಂದಿನ ದೊಡ್ಡ ಮೀನಿಗೆ ಮುರಿಯುತ್ತದೆ. ಜೂನ್ ಬಂತೆಂದರೆ ಕಾರ್ಕಿನ ಹಿಡಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಕೊಳವೆಯೊಳಗೆ ಇಡದೆ ಬಟ್ಟೆಯ ಚೀಲದಲ್ಲಿ ಹಾಕಿ, ಅಡುಗೆಮನೆಯ ಬೆಚ್ಚಗಿನ ಗೋಡೆಗೆ, ಇಲಿಗೆ ಎಟುಕದ ಎತ್ತರದಲ್ಲಿ ನೇತುಹಾಕಿ. ಆಟಿ ಕಳೆದ ಮೇಲೆ ತೆಗೆದು, ತುಂಡುಗಳ ಸಂದಿಗೆ ಒಂದಿಷ್ಟು ಮೇಣದ ಬತ್ತಿ ಉಜ್ಜಿದರೆ ಆ ವರ್ಷದ ಮೊದಲ ಬೀಸಿಗೆ ಸಿದ್ಧ.